290 ವ್ಯಾಟ್‌ನ ಪೆಟ್ಟಿಗೆಯೊಳಗೆ ಹೊಸ ಗ್ರಾಫಿಕ್ಸ್ ಕಾರ್ಡ್

ಹಳೆಯ ಡೆಸ್ಕ್‌ಟಾಪ್‌ಗೆ ಗ್ರಾಫಿಕ್ಸ್ ಕಾರ್ಡ್ ಹಾಕಲು ಹೊರಟವರು ಸಾಮಾನ್ಯವಾಗಿ ಕಾರ್ಡುಗಳ ಬೆಲೆ ವಿಚಾರಿಸುವುದರಿಂದ ಶುರುಮಾಡುತ್ತಾರೆ. ನಾನು ಪಕ್ಕದ ಮುಚ್ಚಳ ತೆಗೆದು ಪವರ್ ಸಪ್ಲೈ ಮೇಲೆ ಅಂಟಿಸಿದ್ದ ಚೀಟಿ ಓದುವುದರಿಂದ ಶುರುಮಾಡಿದೆ. ಅದರಲ್ಲಿ 290 ವ್ಯಾಟ್ ಎಂದಿತ್ತು. ಮುಂದಿನ ಎಲ್ಲ ತೀರ್ಮಾನಗಳೂ ಅಲ್ಲಿಂದಲೇ ಹುಟ್ಟಿದವು.

ನನ್ನದು ಡೆಲ್ ಆಪ್ಟಿಪ್ಲೆಕ್ಸ್ 9020, ಮಿನಿ ಟವರ್. ಯಾವುದೋ ಕಚೇರಿಯಲ್ಲಿ ದುಡಿದು ನಿವೃತ್ತವಾಗಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಗೆ ಬಂದಿದ್ದ ಯಂತ್ರ. ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ5-4590 ಪ್ರೊಸೆಸರ್, 16 ಜಿಬಿ ಡಿಡಿಆರ್3 ರ್‍ಯಾಮ್, ನಾನೇ ಸೇರಿಸಿದ ಒಂದು ಎಸ್‌ಎಸ್‌ಡಿ. ಲೆಕ್ಕಪತ್ರಕ್ಕೂ ಟೈಪಿಂಗ್‌ಗೂ ಇದಕ್ಕಿಂತ ಹೆಚ್ಚೇನೂ ಬೇಕಿಲ್ಲ. ಆದರೆ ನನ್ನ ಕೆಲಸ ಬಡಗುತಿಟ್ಟಿನ ಯಕ್ಷಗಾನದ ಆಟಗಳ ವೀಡಿಯೊ ಸಂಕಲನ. ರಂಗಸ್ಥಳದ ಬೆಳಕಿನಲ್ಲಿ ವೇಷದ ಕೆಂಪು ಒಂದು ಕ್ಯಾಮೆರಾದಲ್ಲಿ ಕಿತ್ತಳೆಯಾಗಿರುತ್ತದೆ, ಇನ್ನೊಂದರಲ್ಲಿ ಗುಲಾಬಿಯಾಗಿರುತ್ತದೆ. ಎರಡನ್ನೂ ಒಂದು ಹದಕ್ಕೆ ತರಲು ಕುಳಿತರೆ ಪ್ರೊಸೆಸರ್‌ನೊಳಗಿನ ಎಚ್‌ಡಿ 4600 ಗ್ರಾಫಿಕ್ಸ್ ಏದುಸಿರು ಬಿಡುತ್ತಿತ್ತು. ಸಂಕಲನದ ತಂತ್ರಾಂಶವಾದ ಡಾವಿಂಚಿ ರಿಸಾಲ್ವ್ ತೆರೆಯುವುದೇ ಒಂದು ಸಾಹಸ; ತೆರೆದರೂ ಗ್ರಾಫಿಕ್ಸ್ ಮೆಮೊರಿ ತುಂಬಿದೆ ಎಂಬ ದೂರು.

ಇನ್ನು ವಿದ್ಯುತ್ತಿನ ಲೆಕ್ಕ. ಮದರ್‌ಬೋರ್ಡ್‌ನ ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಒಂದು ಕಾರ್ಡಿಗೆ ಹೆಚ್ಚೆಂದರೆ 75 ವ್ಯಾಟ್ ಕೊಡಬಹುದು. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡುಗಳಿಗೆ ಪವರ್ ಸಪ್ಲೈಯಿಂದ ನೇರವಾಗಿ ಆರು ಅಥವಾ ಎಂಟು ಪಿನ್ನಿನ ವೈರ್ ಬರಬೇಕು. ನನ್ನ ಪೆಟ್ಟಿಗೆಯಲ್ಲಿ ಅಂಥ ವೈರೇ ಇರಲಿಲ್ಲ. ಪವರ್ ಸಪ್ಲೈಯನ್ನೇ ಬದಲಿಸೋಣವೆಂದರೆ ಈ ಮದರ್‌ಬೋರ್ಡ್‌ಗೆ ಹೋಗುವುದು ಎಂಟು ಪಿನ್ನಿನ ಕನೆಕ್ಟರ್. ಅಂಗಡಿಯಲ್ಲಿ ಸಿಗುವ ಎಟಿಎಕ್ಸ್ ಎಂಬ ಸಾಮಾನ್ಯ ಮಾದರಿಯ ಸಪ್ಲೈಗಳದ್ದು 24 ಪಿನ್. ನಡುವೆ ಅಡಾಪ್ಟರ್ ಬೇಕು. ಅಷ್ಟೆಲ್ಲ ಖರ್ಚು ಮಾಡುವುದಾದರೆ ಬೇರೆ ಯಂತ್ರವನ್ನೇ ಕೊಳ್ಳುವುದು ಲೇಸು. ಹಾರ್ಡ್‌ಡಿಸ್ಕ್‌ಗೆ ಹೋಗುವ ಸಾಟಾ ಪವರ್ ವೈರನ್ನು ಆರು ಪಿನ್ನಿಗೆ ತಿರುಗಿಸುವ ಅಗ್ಗದ ತುಂಡುಗಳೂ ಮಾರಾಟಕ್ಕಿವೆ. ಸಾಟಾ ಪ್ಲಗ್‌ನಲ್ಲಿ 12 ವೋಲ್ಟ್‌ಗೆ ಮೀಸಲಾದ ಪಿನ್ನುಗಳು ಮೂರು, ಒಂದೊಂದಕ್ಕೆ ಒಂದೂವರೆ ಆಂಪಿಯರ್ ಮಿತಿ. ಒಟ್ಟು 54 ವ್ಯಾಟ್. ಆರು ಪಿನ್ನಿನ ಕಾರ್ಡ್ ಅದರಿಂದ 75 ಎಳೆಯಲು ನೋಡುತ್ತದೆ. ಪ್ಲಾಸ್ಟಿಕ್ ಕರಗಿದ ವಾಸನೆ ಬಂದ ಮೇಲೆ ಈ ಗಣಿತ ಕಲಿಯುವ ಹಂಬಲ ನನಗಿರಲಿಲ್ಲ.

ಹಾಗಾಗಿ ಸ್ಲಾಟ್‌ನ ವಿದ್ಯುತ್ತಿನಲ್ಲೇ ಬದುಕುವ ಕಾರ್ಡ್ ಬೇಕು. ಅಂಗಡಿಯವರು ‘ಸ್ವಲ್ಪ ಹಣ ಸೇರಿಸಿದರೆ ಎನ್‌ವಿಡಿಯಾದ 1660 ಸೂಪರ್ ಬರುತ್ತದೆ ಸರ್’ ಎಂದು ಒತ್ತಾಯಿಸಿದರು. ಅದು ಒಳ್ಳೆಯ ಕಾರ್ಡೇ; ಆದರೆ 125 ವ್ಯಾಟ್ ಬೇಡುತ್ತದೆ. ಉಳಿದವುಗಳಲ್ಲಿ ಎಎಂಡಿಯ ಆರ್‌ಎಕ್ಸ್ 6400 ಐವತ್ತಮೂರೇ ವ್ಯಾಟ್‌ನಲ್ಲಿ ಸಂಸಾರ ತೂಗಿಸುತ್ತದೆ. ಆದರೆ ಅದು ಬಳಸುವುದು ಸ್ಲಾಟ್‌ನ ಹದಿನಾರು ಲೇನ್‌ಗಳಲ್ಲಿ, ಅಂದರೆ ಮಾಹಿತಿ ಸಾಗುವ ದಾರಿಗಳಲ್ಲಿ, ನಾಲ್ಕನ್ನೇ. ನಾಲ್ಕನೇ ಪೀಳಿಗೆಯ ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಅದು ನಡೆಯುತ್ತದೆ, ನನ್ನ ಬೋರ್ಡ್‌ನ ಮೂರನೇ ಪೀಳಿಗೆಯಲ್ಲಿ ವೇಗ ಕುಗ್ಗುತ್ತದೆ. ಮೇಲಾಗಿ ಅದರಲ್ಲಿ ವೀಡಿಯೊ ಎನ್‌ಕೋಡ್ ಮಾಡುವ, ಅಂದರೆ ಕುಗ್ಗಿಸಿ ಕಡತವಾಗಿಸುವ, ಯಂತ್ರಾಂಶವೇ ಇಲ್ಲ. ಸಂಕಲನಕಾರನಿಗೆ ಅದೇ ಮುಖ್ಯ. ಇಂಟೆಲ್‌ನ ಆರ್ಕ್ ಕಾರ್ಡುಗಳಿಗೆ ಕಾರ್ಡಿನ ಮೆಮೊರಿಯನ್ನು ಪೂರ್ತಿಯಾಗಿ ಪ್ರೊಸೆಸರ್‌ಗೆ ತೆರೆದಿಡುವ ರಿಸೈಜಬಲ್ ಬಾರ್ ಎಂಬ ಸೌಲಭ್ಯ ಬೇಕು. ನನ್ನ ಯಂತ್ರದ ಬಯಾಸ್‌ನಲ್ಲಿ, ಅಂದರೆ ಅದನ್ನು ಚಾಲೂ ಮಾಡುವ ಒಳತಂತ್ರಾಂಶದಲ್ಲಿ, ಅದರ ಸುಳಿವಿಲ್ಲ. ಕೊನೆಗೆ ಉಳಿದದ್ದು ಎನ್‌ವಿಡಿಯಾದ 1050 ಟಿಐ ಮತ್ತು 1650. ಎರಡಕ್ಕೂ 4 ಜಿಬಿ ಮೆಮೊರಿ, ಎರಡೂ 75 ವ್ಯಾಟ್‌ನವು. ಮೊದಲನೆಯದು 2016ರದ್ದು, ಇನ್ನೊಂದು 2019ರದ್ದು. 1050 ಟಿಐ ಇರುವ ಪೀಳಿಗೆಗೆ 580 ಸರಣಿಯೇ ಡ್ರೈವರ್‌ಗಳ (ಕಾರ್ಡನ್ನು ವಿಂಡೋಸ್‌ಗೆ ಜೋಡಿಸುವ ತಂತ್ರಾಂಶದ) ಕೊನೆಯ ಶಾಖೆ ಎಂದು ಕಂಪನಿ ಹೇಳಿದೆ. 1650ಕ್ಕೆ ಆ ಗತಿ ಬಂದಿಲ್ಲ. ಒಂದಿಷ್ಟು ಹೆಚ್ಚು ಕೊಟ್ಟು 1650 ತೆಗೆದುಕೊಂಡೆ. ಇಲ್ಲೂ ಎಚ್ಚರ ಬೇಕು. ಒಂದೇ ಹೆಸರಿನಲ್ಲಿ ಆರು ಪಿನ್ನಿನ ಕಿಂಡಿ ಇರುವ 1650ಗಳೂ ಇವೆ, ಇಲ್ಲದವೂ ಇವೆ. ಡಬ್ಬಿಯ ಚಿತ್ರ ನಂಬದೆ ಕಾರ್ಡನ್ನು ಕೈಯಲ್ಲಿ ತಿರುಗಿಸಿ ಅಂಚು ನೋಡಬೇಕು.

ನಾನು ಕೊಂಡದ್ದು ಬಳಸಿದ ಕಾರ್ಡ್. ಈ ಮಾರುಕಟ್ಟೆಯಲ್ಲಿ ವೇಷ ಕಟ್ಟಿದ ಸರಕಿಗೆ ಬರವಿಲ್ಲ. 2010–11ರ ಜಿಟಿಎಸ್ 450, ಜಿಟಿಎಕ್ಸ್ 550 ಟಿಐ ಕಾರ್ಡುಗಳ ಬಯಾಸ್ ತಿದ್ದಿ 1050 ಟಿಐ ಎಂದು ಮಾರುವುದುಂಟು. ವಿಂಡೋಸ್ ಕೂಡ ಆ ಹೆಸರನ್ನೇ ನಂಬಿ ತೋರಿಸುತ್ತದೆ. 1050 ಟಿಐ ಎಂದು ಕೊಡುವ ಕಾರ್ಡಿನ ಹಿಂಬದಿಯಲ್ಲಿ ನೀಲಿ ವಿಜಿಎ ಕಿಂಡಿ ಕಂಡರೆ ಅನುಮಾನಿಸಬೇಕು. ಜಿಪಿಯು-ಝೆಡ್ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಅಂಗಡಿಯಲ್ಲೇ ಓಡಿಸಿದೆ. ಚಿಪ್‌ನ ನಿಜವಾದ ಹೆಸರನ್ನು ಅದು ಹೇಳುತ್ತದೆ; ನಕಲಿ ಎಂದು ಗೊತ್ತಾದರೆ ಹೆಸರಿನ ಮುಂದೆಯೇ ಹಾಗೆಂದು ಬರೆಯುತ್ತದೆ. ನನ್ನದರಲ್ಲಿ 1650ರ ಚಿಪ್ಪೇ ಆದ ಟಿಯು117 ಎಂದು ಬಂತು, ಲೆಕ್ಕ ಮಾಡುವ ಘಟಕಗಳಾದ ಶೇಡರ್‌ಗಳು 896. ಹಣ ಎಣಿಸಿ ಕೊಟ್ಟೆ.

ಕೂರಿಸುವ ಕೆಲಸ ಚಿಕ್ಕದು. ಮೊದಲು ಹಳೆಯ ಗ್ರಾಫಿಕ್ಸ್ ಡ್ರೈವರ್ ತೆಗೆದೆ. ಯಂತ್ರ ಆರಿಸಿ, ಗೋಡೆಯಿಂದ ವೈರ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದೆ. ಒಳಗೆ ಉಳಿದ ವಿದ್ಯುತ್ ಅದರಿಂದ ಇಳಿದುಹೋಗುತ್ತದೆ. ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನೂ ಕಳೆದುಕೊಂಡೆ. ಈ ಬೋರ್ಡ್‌ನಲ್ಲಿ ಉದ್ದನೆಯ ಸ್ಲಾಟ್‌ಗಳು ಎರಡು, ಒಂದು ನೀಲಿ, ಒಂದು ಕಪ್ಪು. ನೋಡಲು ಒಂದೇ ಅಳತೆ. ಆದರೆ ಕಪ್ಪಿನದರಲ್ಲಿ ನಾಲ್ಕೇ ಲೇನ್‌ಗಳ ಸಂಪರ್ಕವಿದೆ. ಕಾರ್ಡ್ ಹೋಗಬೇಕಾದ್ದು ನೀಲಿಗೆ. ಹಿಂಬದಿಯ ತಗಡಿನ ಪಟ್ಟಿಗಳನ್ನು ತೆಗೆದು, ಕಾರ್ಡಿನ ಎರಡೂ ತುದಿಗೆ ಹೆಬ್ಬೆರಳಿಟ್ಟು ಸಮವಾಗಿ ಒತ್ತಿದೆ. ಕೊಂಡಿ ‘ಟಕ್’ ಎಂದು ಬೀಳುವವರೆಗೂ ಒತ್ತಬೇಕು. ಚಿನ್ನದ ಬಣ್ಣದ ಪಟ್ಟಿ ಒಂದು ಕಡೆ ಇಣುಕುತ್ತಿದ್ದರೆ ಕಾರ್ಡ್ ಇನ್ನೂ ಕೂತಿಲ್ಲವೆಂದು ಅರ್ಥ.

ಮಾನಿಟರ್ ವಿಷಯದಲ್ಲಿ ಹಲವರು ಪೇಚಾಡುತ್ತಾರೆ. ನನ್ನ ಮಾನಿಟರ್‌ಗೂ ಇದ್ದದ್ದು ವಿಜಿಎ ಒಂದೇ. 1650 ವಿಜಿಎಗೆ ಬೇಕಾದ ಅನಲಾಗ್ ಸಂಕೇತ ಕೊಡುವುದಿಲ್ಲ. ಬರಿಯ ಪಿನ್ ಬದಲಿಸುವ ಹಳೆಯ ಡಿವಿಐ ತುಂಡು ಇಲ್ಲಿ ಉಪಯೋಗಕ್ಕಿಲ್ಲ. ಒಳಗೆ ಚಿಪ್ ಇರುವ ಎಚ್‌ಡಿಎಂಐ–ವಿಜಿಎ ಪರಿವರ್ತಕ ಬೇಕು. ಅದನ್ನು ಕಾರ್ಡಿನ ಜೊತೆಗೇ ತಂದಿಟ್ಟಿದ್ದೆ.

ಹೊಸ ಡ್ರೈವರ್ ಹಾಕಿ ಮತ್ತೆ ಜಿಪಿಯು-ಝೆಡ್ ತೆರೆದರೆ ಸಂಪರ್ಕದ ಸಾಲಿನಲ್ಲಿ ‘x16 1.1’ ಎಂದು, ಅಂದರೆ ಹದಿನಾರು ಲೇನ್ ಆದರೆ ಮೊದಲ ಪೀಳಿಗೆಯ ವೇಗ ಎಂದು, ಕಂಡಿತು. ನೋಡಿದವರು ಸ್ಲಾಟ್ ಕೆಟ್ಟಿದೆ ಎಂದುಕೊಳ್ಳಬಹುದು. ಕೆಲಸವಿಲ್ಲದಾಗ ಕಾರ್ಡ್ ವಿದ್ಯುತ್ ಉಳಿಸಲು ವೇಗ ಇಳಿಸಿಕೊಳ್ಳುತ್ತದೆ, ಅಷ್ಟೇ. ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ಸಣ್ಣ ಪರೀಕ್ಷೆ ಓಡಿಸಿದಾಗ 1.1 ಹೋಗಿ 3.0 ಬಂತು. ಆಮೇಲೆ ಕಾರ್ಡನ್ನು ಪೂರ್ತಿ ದುಡಿಸಿ, ಶಾಖವನ್ನೂ ಪವರ್ ಸಪ್ಲೈ ಫ್ಯಾನ್‌ನ ಸದ್ದನ್ನೂ ಗಮನಿಸುತ್ತ ಕುಳಿತೆ. ಪ್ರೊಸೆಸರ್‌ಗೆ 84, ಕಾರ್ಡ್‌ಗೆ 75, ಡಿಸ್ಕು, ಫ್ಯಾನು, ಬೋರ್ಡಿಗೆಲ್ಲ ಧಾರಾಳವಾಗಿ ಸೇರಿಸಿದರೂ 290ರ ಒಳಗೆ ಸಾಕಷ್ಟು ಉಳಿಯುತ್ತದೆ. ಯಂತ್ರ ಆರಲಿಲ್ಲ, ಚಿತ್ರ ಒಡೆಯಲಿಲ್ಲ.

ಈಗ ಬಣ್ಣ ತಿದ್ದಿದ ದೃಶ್ಯಗಳು 1080ರಲ್ಲಿ ತಡವರಿಸದೆ ಓಡುತ್ತವೆ. ಕಡತ ಕುಗ್ಗಿಸಲು ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ಎನ್‌ವಿಡಿಯಾದ ಎನ್‌ಕೋಡರ್ ಆರಿಸಿದರೆ ಹಿಂದೆ ರಾತ್ರಿಯಿಡೀ ಓಡಬೇಕಿದ್ದ ಕೆಲಸ ಊಟ ಮುಗಿಸಿ ಬರುವಷ್ಟರಲ್ಲಿ ಮುಗಿದಿರುತ್ತದೆ. ಅದೇ ಗಾತ್ರಕ್ಕೆ ಗುಣಮಟ್ಟ ಪ್ರೊಸೆಸರ್ ಮಾಡಿದ್ದಕ್ಕಿಂತ ಒಂದು ಕೂದಲೆಳೆ ಕಡಿಮೆ. ಚೆಂಡೆಗೆ ತಕ್ಕಂತೆ ಗಿರಕಿ ಹೊಡೆಯುವ ವೇಷದ ಅಂಚಿನಲ್ಲಿ ಅದು ಕಾಣುತ್ತದೆ. ಪ್ರದರ್ಶಕರಿಗೆ ಕೊಡುವ ಮೂಲ ಪ್ರತಿಯನ್ನು ಈಗಲೂ ಪ್ರೊಸೆಸರ್‌ನಲ್ಲೇ ನಿಧಾನವಾಗಿ ಮಾಡುತ್ತೇನೆ. ಎರಡು ಕ್ಯಾಮೆರಾದ 4ಕೆ ಒಟ್ಟಿಗೆ ಹಾಕಿದರೆ ಪ್ರೊಸೆಸರ್‌ನ ನಾಲ್ಕೂ ಕೋರ್‌ಗಳು ನೂರು ಮುಟ್ಟುತ್ತವೆ, ಕಾರ್ಡ್ ಅರ್ಧ ಬಿಡುವಾಗಿರುತ್ತದೆ. ಆದ್ದರಿಂದ ಇದಕ್ಕಿಂತ ದೊಡ್ಡ ಕಾರ್ಡ್ ಈ ಪೆಟ್ಟಿಗೆಗೆ ದಂಡ. ಮುಂದಿನ ಹಣ ಬಣ್ಣ ಸರಿಯಾಗಿ ತೋರಿಸುವ ಮಾನಿಟರ್‌ಗೆ.