ಅಚ್ಚಿಗೆ ಕೊಡುವ ಮುನ್ನ: ನಿಮ್ಮದೇ ಕ್ಯೂಆರ್ ಕೋಡ್ ರಚಿಸಿ ಹಂಚುವ ಬಗೆ

ಮಂಡ್ಯದ ಸುತ್ತಲಿನ ಆಲೆಮನೆಯವರು ಬೆಲ್ಲದ ಪೊಟ್ಟಣದ ಮೇಲೆ, ಮೈಸೂರಿನಲ್ಲಿ ಮದುವೆ ಇಟ್ಟುಕೊಂಡವರು ಕಲ್ಯಾಣಮಂಟಪದ ದಾರಿ ತೋರಿಸಲು ಲಗ್ನಪತ್ರಿಕೆಯ ಮೇಲೆ ಕ್ಯೂಆರ್ ಕೋಡ್ ಹಾಕಿಸಬಹುದು. ಕೋಡ್ ರಚಿಸುವುದು ಒಂದೆರಡು ನಿಮಿಷದ ಕೆಲಸ. ಅದರೊಳಗೆ ಏನನ್ನು ಇಡಬೇಕೆಂದು ತೀರ್ಮಾನಿಸುವುದಕ್ಕೇ ಹೆಚ್ಚು ಯೋಚನೆ ಬೇಕು, ಏಕೆಂದರೆ ಅಚ್ಚಾದ ಕೋಡನ್ನು ತಿದ್ದಲು ಬರುವುದಿಲ್ಲ.

ಕೋಡ್‌ಗಳಲ್ಲಿ ಎರಡು ಬಗೆ. ಸ್ಥಿರ ಕೋಡ್‌ನಲ್ಲಿ ನೀವು ಕೊಟ್ಟ ಕೊಂಡಿಯೇ (ಲಿಂಕ್) ನೇರವಾಗಿ ಅಡಕವಾಗಿರುತ್ತದೆ; ಡೈನಾಮಿಕ್ ಕೋಡ್‌ನಲ್ಲಿ ಇರುವುದು ಕೋಡ್ ಮಾಡಿಕೊಟ್ಟ ಕಂಪನಿಯ ಕಿರುಕೊಂಡಿ, ಅದು ಓದುಗರನ್ನು ನಿಮ್ಮ ಪುಟಕ್ಕೆ ಕಳುಹಿಸುತ್ತದೆ. ಎರಡನೆಯದರಲ್ಲಿ ಗಮ್ಯವನ್ನು ಆಮೇಲೆ ಬದಲಿಸಬಹುದು, ಎಷ್ಟು ಜನ ಸ್ಕ್ಯಾನ್ ಮಾಡಿದರೆಂದು ತಿಳಿಯಬಹುದು. ಆದರೆ ಚಂದಾ ಮುಗಿದರೆ ಅಥವಾ ಆ ಸೇವೆ ನಿಂತರೆ ನಿಮ್ಮ ಪೊಟ್ಟಣಗಳ ಮೇಲಿನ ಕೋಡ್‌ಗಳೆಲ್ಲ ಒಟ್ಟಿಗೇ ಕೆಲಸಕ್ಕೆ ಬಾರದಂತಾಗಬಹುದು. ‘ಉಚಿತ’ ಎಂದು ಹೇಳಿಕೊಳ್ಳುವ ಕೆಲವು ತಾಣಗಳು ಪ್ರಾಯೋಗಿಕ ಅವಧಿಗೆ ಡೈನಾಮಿಕ್ ಕೋಡನ್ನೇ ಕೊಡುವುದರಿಂದ, ರಚಿಸಿದ ಕೂಡಲೇ ಸ್ಕ್ಯಾನ್ ಮಾಡಿ, ತೆರೆಯುವ ಮುನ್ನ ಕಾಣುವ ವಿಳಾಸ ನಿಮ್ಮದೇ ಆಗಿದೆಯೇ ಎಂದು ನೋಡಿಕೊಳ್ಳಿ. ಲಗ್ನಪತ್ರಿಕೆಗೂ ಬೆಲ್ಲದ ಪೊಟ್ಟಣಕ್ಕೂ ಸ್ಥಿರ ಕೋಡೇ ಸಾಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಹಣ ತೆರುವ ಕಾರಣವಿಲ್ಲ.

ಕ್ರೋಮ್ ಬ್ರೌಸರ್‌ನಲ್ಲಿ ಬೇಕಾದ ಪುಟವನ್ನು ತೆರೆದು, ಮೆನುವಿನ ಹಂಚಿಕೆ ವಿಭಾಗದಲ್ಲಿ ಕ್ಯೂಆರ್ ಕೋಡ್ ಆಯ್ಕೆಯನ್ನು ಒತ್ತಿದರೆ ಚಿತ್ರ ಸಿದ್ಧವಾಗುತ್ತದೆ. ಸ್ಥಳ ತೋರಿಸುವುದಾದರೆ ಗೂಗಲ್ ಮ್ಯಾಪ್ಸ್‌ನಲ್ಲಿ ಮಂಟಪವನ್ನು ಹುಡುಕಿ, ಬ್ರೌಸರ್‌ನ ಮೇಲ್ಭಾಗದ ವಿಳಾಸಪಟ್ಟಿಯಲ್ಲಿ ಕಾಣುವ ಉದ್ದನೆಯ ಕೊಂಡಿಯ ಬದಲು ಹಂಚಿಕೆ ಗುಂಡಿ ಕೊಡುವ ಚಿಕ್ಕ ಕೊಂಡಿಯನ್ನು ನಕಲಿಸಿಕೊಳ್ಳಿ. ಇದೂ ಗೂಗಲ್ ಮೂಲಕ ಹಾಯುವ ಕೊಂಡಿಯೇ. ಆದರೆ ನಕ್ಷೆಯೇ ಅವರದಾದ್ದರಿಂದ ಹೊಸ ಅವಲಂಬನೆಯೇನೂ ಹುಟ್ಟುವುದಿಲ್ಲ.

ಕೊಂಡಿ ಚಿಕ್ಕದಿರಬೇಕೆಂಬ ಮಾತು ಕನ್ನಡದಲ್ಲಿ ಬರೆಯುವವರಿಗೆ ಇನ್ನಷ್ಟು ಮುಖ್ಯ. ಕಂಪ್ಯೂಟರ್‌ಗಳು ಅಕ್ಷರಗಳನ್ನು ಅಂಕಿಗಳಾಗಿ ಇಟ್ಟುಕೊಳ್ಳುವ ಯೂನಿಕೋಡ್‌ನ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಪ್ರತಿ ಸ್ವರಚಿಹ್ನೆಗೂ ಬೇರೆಬೇರೆಯಾಗಿ 3 ಬೈಟ್ ಬೇಕು. ವೆಬ್ ವಿಳಾಸದಲ್ಲಿ ಅದು ಶೇಕಡಾ ಚಿಹ್ನೆ ಸೇರಿ 9 ಅಕ್ಷರಗಳಾಗಿ ಹಿಗ್ಗುತ್ತದೆ. ‘ಮೈಸೂರು’ ಎಂಬ ಒಂದೇ ಪದ ಹೀಗೆ 54 ಅಕ್ಷರ ನುಂಗುತ್ತದೆ. ಒಳಗಿನ ಮಾಹಿತಿ ಹೆಚ್ಚಿದಂತೆ ಬದಿಗೆ 21 ಚೌಕಗಳಿಂದ ಆರಂಭವಾಗುವ ಜಾಲ 177ರವರೆಗೂ ಬೆಳೆಯಬಲ್ಲದು. ಕಿರಿದಾದ ಚೌಕಗಳನ್ನು ಹಳೆಯ ಫೋನಿನ ಕ್ಯಾಮೆರಾ ಗುರುತಿಸಲು ತಿಣುಕುತ್ತದೆ. ಆದ್ದರಿಂದ ಕನ್ನಡದ ವಿವರಗಳನ್ನು ಕೋಡ್‌ನೊಳಗೆ ತುಂಬದೆ, ಅವುಗಳಿರುವ ಪುಟದ ಚಿಕ್ಕ ಕೊಂಡಿಯನ್ನಷ್ಟೇ ಇಡಿ.

1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯಲ್ಲಿ ವಾಹನದ ಬಿಡಿಭಾಗಗಳ ಲೆಕ್ಕವಿಡಲು ಈ ಕೋಡ್ ರೂಪುಗೊಂಡದ್ದರಿಂದ, ಕೊಳೆ ಮೆತ್ತಿದರೂ ಓದಿಸಿಕೊಳ್ಳುವ ಗುಣ ಅದಕ್ಕೆ ಮೊದಲಿನಿಂದಲೂ ಇದೆ. ದೋಷ ತಿದ್ದುವಿಕೆಯ ನಾಲ್ಕು ಮಟ್ಟಗಳು ಕ್ರಮವಾಗಿ ಸುಮಾರು ಶೇ. 7, 15, 25 ಮತ್ತು 30ರಷ್ಟು ಹಾನಿಯನ್ನು ಸರಿದೂಗಿಸುತ್ತವೆ. ಮಟ್ಟ ಏರಿದಂತೆ ಚೌಕಗಳೂ ಹೆಚ್ಚುತ್ತವೆ. ಜಿಡ್ಡು ಹತ್ತುವ ಬೆಲ್ಲದ ಪೊಟ್ಟಣಕ್ಕೆ 25, ಲಗ್ನಪತ್ರಿಕೆಗೆ 15 ಸಾಕು. ಸುತ್ತಲೂ ನಾಲ್ಕು ಚೌಕಗಳಷ್ಟು ಖಾಲಿ ಅಂಚು ಇರಲೇಬೇಕು. ಪತ್ರಿಕೆಯ ಬಳ್ಳಿಚಿತ್ತಾರ ಅದರೊಳಗೆ ನುಗ್ಗದಂತೆ ಪ್ರೆಸ್ಸಿನವರಿಗೆ ಮೊದಲೇ ಹೇಳಿ. ತಿಳಿ ಹಿನ್ನೆಲೆಯ ಮೇಲೆ ಗಾಢ ಬಣ್ಣವಿರಲಿ. ಕೆಂಪು ಕಾಗದದ ಮೇಲಿನ ಚಿನ್ನದ ಬಣ್ಣ ಕಣ್ಣಿಗೆ ಚೆಂದ, ಕ್ಯಾಮೆರಾಕ್ಕೆ ಕಷ್ಟ. ಅಳತೆಯನ್ನು ಓದುವ ದೂರದ ಹತ್ತನೇ ಒಂದು ಭಾಗವೆಂದು ಇಟ್ಟುಕೊಂಡರೆ, ಕೈಯಲ್ಲಿ ಹಿಡಿಯುವ ಪತ್ರಿಕೆಗೆ ಎರಡೂವರೆ ಸೆಂ.ಮೀ., ಮೂರು ಮೀಟರ್ ದೂರದಿಂದ ನೋಡುವ ಫಲಕಕ್ಕೆ 30 ಸೆಂ.ಮೀ. ಬೇಕಾಗುತ್ತದೆ.

ಮುದ್ರಣಕ್ಕೆ ಎಷ್ಟು ಹಿಗ್ಗಿಸಿದರೂ ಮಸುಕಾಗದ ಎಸ್‌ವಿಜಿ ಕಡತವನ್ನು ಕೊಡಿ. ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವಾಗ, ಫೋಟೋ ಆಗಿ ಕಳುಹಿಸಿದರೆ ಗುಣಮಟ್ಟ ಕುಗ್ಗುವುದರಿಂದ, ಡಾಕ್ಯುಮೆಂಟ್ ಆಗಿ ಕಳುಹಿಸಿ. ಫೋನಿನಲ್ಲೇ ಪತ್ರಿಕೆ ನೋಡುವ ನೆಂಟರು ಅದೇ ಪರದೆಯನ್ನು ಸುಲಭವಾಗಿ ಸ್ಕ್ಯಾನ್ ಮಾಡಲಾರರಾದ್ದರಿಂದ, ಚಿತ್ರದ ಜೊತೆ ಕೊಂಡಿಯನ್ನೂ ಹಾಕಿ. ಕೊಂಡಿ ಗೂಗಲ್ ಡ್ರೈವ್‌ನ ಕಡತದ್ದಾದರೆ, ಕೊಂಡಿ ಇರುವ ಯಾರಾದರೂ ನೋಡಬಹುದೆಂಬ ಅನುಮತಿ ಕೊಟ್ಟಿರಬೇಕು.

ಹಣ ಪಡೆಯುವ ಯುಪಿಐ ಕೋಡನ್ನು ಮಾತ್ರ ಅಪರಿಚಿತ ತಾಣದಲ್ಲಿ ಮಾಡಿಸಬೇಡಿ. ನಿಮ್ಮ ಬ್ಯಾಂಕ್ ಅಥವಾ ಪಾವತಿ ಆ್ಯಪ್‌ನಿಂದಲೇ ಪಡೆಯಿರಿ. ಅಂಗಡಿಯಲ್ಲಿ ಅಂಟಿಸಿದ ಮೇಲೆ, ಅದರ ಮೇಲೆ ಬೇರೆಯವರ ಸ್ಟಿಕರ್ ಕೂತಿಲ್ಲವೆಂದು ಬೆಳಿಗ್ಗೆ ಬಾಗಿಲು ತೆಗೆದಾಗ ಒಮ್ಮೆ ಸ್ಕ್ಯಾನ್ ಮಾಡಿ, ಪರದೆಯಲ್ಲಿ ನಿಮ್ಮದೇ ಹೆಸರು ಬರುತ್ತಿದೆಯೇ ಎಂದು ನೋಡಿಕೊಳ್ಳಿ.