ಬಲಗೈಗೊಂದು, ಪಾದಕ್ಕೊಂದು

ದಿನ ಮೀರಿ ಹುಟ್ಟಿದ, 2.9 ಕಿಲೋ ತೂಕದ ಆ ಗಂಡುಮಗು ಹೊಟ್ಟೆಯೊಳಗೇ ಮಲ ವಿಸರ್ಜಿಸಿ, ಅದನ್ನು ಶ್ವಾಸಕೋಶಕ್ಕೆ ಎಳೆದುಕೊಂಡಿತ್ತು. ನಮ್ಮ ನವಜಾತ ಶಿಶು ಘಟಕಕ್ಕೆ ತಂದಾಗ ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಬಲಗೈಯಲ್ಲಿ ಶೇಕಡಾ 93 ತೋರಿಸುತ್ತಿದ್ದುದರಿಂದ ಜೊತೆಗೆ ಬಂದವರು ನಿರಾಳರಾಗಿದ್ದರು. ಅಂಗಾಲು ಮಾತ್ರ ನೀಲಿಗಟ್ಟಿದಂತೆ ಕಂಡಿದ್ದರಿಂದ ನಾನು ಇನ್ನೊಂದು ಪ್ರೋಬನ್ನು ಪಾದಕ್ಕೆ ಸುತ್ತಿಸಿದೆ. ಅಲ್ಲಿ 81 ಇತ್ತು.

ಗರ್ಭದಲ್ಲಿರುವ ಶಿಶುವಿಗೆ ಆಮ್ಲಜನಕವು ತಾಯಿಯಿಂದಲೇ ಬರುವುದರಿಂದ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಂಡೇ ಇರುತ್ತವೆ. ಹುಟ್ಟಿ ಉಸಿರೆಳೆದ ಮೇಲೆ ಅವು ಸಡಿಲಗೊಳ್ಳಬೇಕು. ಹಾಗಾಗದಿದ್ದರೆ ಅಲ್ಲಿನ ಒತ್ತಡ ಇಳಿಯದೆ, ಆಮ್ಲಜನಕ ಸೇರದ ರಕ್ತವು ಇನ್ನೂ ಮುಚ್ಚದ ಡಕ್ಟಸ್ ಎಂಬ ನಾಳದ ಮೂಲಕ ಮಹಾಪಧಮನಿಗೆ ನುಗ್ಗುತ್ತದೆ. ಬಲಗೈಗೆ ಹೋಗುವ ನಾಳವು ಅದಕ್ಕೂ ಮೊದಲೇ ಕವಲೊಡೆಯುವುದರಿಂದ ಕೈ ಕೆಂಪಾಗಿಯೂ ಕಾಲು ನೀಲಿಯಾಗಿಯೂ ಉಳಿಯಬಹುದು. ಹೃದಯದ ಮೇಲ್ಕೋಣೆಗಳ ನಡುವಿನ ರಂಧ್ರದಲ್ಲಷ್ಟೇ ರಕ್ತ ಬೆರೆತರೆ ಈ ಅಂತರ ಕಾಣುವುದಿಲ್ಲವಾದ್ದರಿಂದ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಲೇಬೇಕು. ಮಾಡಿಸಿದೆವು, ಹೃದಯದಲ್ಲಿ ಹುಟ್ಟುದೋಷವಿರಲಿಲ್ಲ.

ನೈಟ್ರಿಕ್ ಆಕ್ಸೈಡ್ ಅನಿಲವು ಈ ನಾಳಗಳನ್ನು ನೇರವಾಗಿ ಸಡಿಲಿಸುತ್ತದೆ, ಆದರೆ ಅದು ನಮ್ಮಲ್ಲಿರಲಿಲ್ಲ. ಆ ಸ್ಥಿತಿಯಲ್ಲಿ ಮಗುವನ್ನು ಆಂಬುಲೆನ್ಸಿನಲ್ಲಿ ಕಳುಹಿಸುವುದೂ ಅಪಾಯವೆನಿಸಿತು. ವೆಂಟಿಲೇಟರ್ ಹಾಕಿ, ಮೂಗಿನ ನಳಿಕೆಯಿಂದ ಆರು ಗಂಟೆಗೊಮ್ಮೆ ಈ ನಾಳಗಳನ್ನು ಸಡಿಲಿಸುವ ಸಿಲ್ಡೆನಾಫಿಲ್ ಔಷಧ ಕೊಡುತ್ತ, ಬಲಗೈಯ ಅಂಕಿಯನ್ನು 91ರಿಂದ 95ರ ನಡುವೆ ಹಿಡಿದಿಟ್ಟೆವು.

ಔಷಧದಷ್ಟೇ ನೆರವಾದದ್ದು ಮಗುವನ್ನು ಮುಟ್ಟದಿರುವುದು. ಬಟ್ಟೆ ಬದಲಿಸಿದರೂ ಪಾದದ ಅಂಕಿ 70ಕ್ಕೆ ಜಾರಿ, ಮತ್ತೆ ಏರಲು ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಸಿಸ್ಟರ್ ಒಬ್ಬರು ಕಣ್ಣಿಗೆ ಪಟ್ಟಿ ಕಟ್ಟಿ, ಕಿವಿಗೆ ಹತ್ತಿ ಇಟ್ಟು, ಎಲ್ಲ ಆರೈಕೆಯನ್ನೂ ಒಂದೇ ಹೊತ್ತಿಗೆ ಮುಗಿಸುವಂತೆ ವೇಳೆ ಗೊತ್ತುಮಾಡಿದರು. "ಒಂದ್ಸಲ ಕೈ ಮುಟ್ಲಾ ಡಾಕ್ಟ್ರೇ?" ಎಂದು ಕೇಳಿದ ತಂದೆಗೆ ಬೇಡವೆನ್ನುವುದು ನನಗೆ ಬಹಳ ಕಷ್ಟವಾಯಿತು.

ಹಿಂದೊಮ್ಮೆ 98 ಕಂಡ ಸಂತೋಷದಲ್ಲಿ ಆಮ್ಲಜನಕವನ್ನು ಒಮ್ಮೆಲೇ ಇಳಿಸಿ, 60ಕ್ಕೆ ಕುಸಿದ ಇನ್ನೊಂದು ಮಗುವಿಗಾಗಿ ರಾತ್ರಿಯಿಡೀ ಹೆಣಗಿದ್ದೆ. ಆ ಭಯ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಈ ಸಲ ಸ್ವಲ್ಪಸ್ವಲ್ಪವೇ ಇಳಿಸುತ್ತ ಬಂದೆವು. ನಾಲ್ಕನೆಯ ದಿನ ಕೈಯಲ್ಲಿ 95, ಪಾದದಲ್ಲಿ 93 ಬಂತು. ತಾಯಿ ಅಂಗಾಲಿಗೆ ಬೆರಳು ತಾಗಿಸಿದಾಗಲೂ ಆ 93 ಕದಲಲಿಲ್ಲ.

ಇಂಥ ಮಕ್ಕಳಲ್ಲಿ ಕಿವಿ ಮಂದವಾಗುವ ಸಂಭವ ಹೆಚ್ಚು, ಅದು ತಡವಾಗಿಯೂ ಬರಬಹುದು. ಆದ್ದರಿಂದ ಮನೆಗೆ ಕಳುಹಿಸುವ ಮುನ್ನ ಶ್ರವಣ ಪರೀಕ್ಷೆ ಮಾಡಿಸಿ, ಮೂರು ತಿಂಗಳಿಗೆ ಮತ್ತೆ ತೋರಿಸುವಂತೆ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟೆ.