ಕೃಷಿ ಹೊಂಡಕ್ಕೆ ಟೈರ್ ಏಣಿ: ನನ್ನ ಅನುಭವ

ನನ್ನ ಕೃಷಿ ಹೊಂಡದೊಳಗೆ ಟೈರ್ ಇಳಿಬಿಟ್ಟಾಗ ಊರಿನವರು ‘ಏನಪ್ಪಾ, ಹೊಂಡಕ್ಕೂ ದೃಷ್ಟಿ ಕಟ್ಟಿದ್ದೀಯಾ?’ ಅಂದಿದ್ದರು. ಹೋದ ಮಳೆಗಾಲ ಪಕ್ಕದ ಹೊಲದವರ ಹುಡುಗ ಚೆಂಡಿನ ಹಿಂದೆ ಬೇಲಿ ಹತ್ತಿ ಇಳಿದು, ಜಾರಿ ಬಿದ್ದ. ನಾವು ಓಡಿ ಹೋಗುವಷ್ಟರಲ್ಲಿ ಟೈರಿಗೆ ಮೊಣಕೈ ಸಿಕ್ಕಿಸಿಕೊಂಡು, ತಲೆ ಮೇಲೆತ್ತಿ ಕೂಗುತ್ತಿದ್ದ. ಈಗ ಹಾಗೆ ಅಂದವರೇ ಅಳತೆ ಕೇಳಲು ಬರುತ್ತಾರೆ.

2014ರಲ್ಲಿ, ಮಳೆನೀರು ಹಿಡಿಯುವ ಹೊಂಡಕ್ಕೆ ಸರ್ಕಾರ ಸಹಾಯಧನ ಕೊಡುವ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಬಯಲುಸೀಮೆ ತುಂಬಾ ಹೊಂಡ ಆದವು. ನನ್ನದು 21 ಮೀಟರ್ ಚೌಕ, 3 ಮೀಟರ್ ಆಳ. ಆಳಕ್ಕಿಂತ, ನೀರು ಇಂಗದಂತೆ ಒಳಗೆ ಹಾಸಿದ ಪ್ಲಾಸ್ಟಿಕ್ ಶೀಟ್ ಅಪಾಯ. ಪಾಚಿ ಕಟ್ಟಿದ ಶೀಟಿನ ಮೇಲೆ ಈಜು ಬಲ್ಲವರೂ ಹತ್ತಲಾರರು. ಮಗುವನ್ನು ಎತ್ತಲು ಇಳಿದ ದೊಡ್ಡವರೂ ಮುಳುಗುವುದು ಇದಕ್ಕೇ.

ಮೊದಲು ಜಾಲಿಮುಳ್ಳಿನ ಬೇಲಿ ಹಾಕಿದೆ, ಗೆದ್ದಲು ತಿಂದಿತು. ಕತ್ತಾಳೆ ನೆಟ್ಟೆ, ಸಂದಿ ಉಳಿಯಿತು. ಬರೀ ಪ್ಲಾಸ್ಟಿಕ್ ಹಗ್ಗ ಬಿಟ್ಟೆ. ಒದ್ದೆ ಕೈಗೆ ಹಿಡಿತ ಸಿಗಲಿಲ್ಲ, ಬಿಸಿಲಿಗೆ ಪುಡಿಪುಡಿಯಾಯಿತು. ಇಷ್ಟಕ್ಕೇ ಐದಾರು ಸಾವಿರ ನೀರುಪಾಲು. ನಡುವೆ ಒಮ್ಮೆ, ಬಿದ್ದವರು ಹಿಡಿದು ತೇಲಲಿ ಅಂತ ಖಾಲಿ ಎಣ್ಣೆ ಕ್ಯಾನ್ ತೇಲಿಬಿಟ್ಟು ನೋಡಿದೆ. ಅದನ್ನು ಎಳೆಯಲೆಂದೇ ಮಕ್ಕಳು ಅಂಚಿಗೆ ಬರತೊಡಗಿದರು. ಅವತ್ತೇ ತೆಗೆದೆ.

ಆಮೇಲೆ ಪಂಕ್ಚರ್ ಅಂಗಡಿಯ ಹಳೇ ಬೈಕ್ ಟೈರ್. ಒಂದಕ್ಕೆ ಇಪ್ಪತ್ತು ಮೂವತ್ತು ರೂಪಾಯಿ. ದಪ್ಪ ನೈಲಾನ್ ಹಗ್ಗಕ್ಕೆ ಒಂದರ ಕೆಳಗೊಂದು ಬಿಗಿದು, ಮೇಲೆ ಕಲ್ಲುಕಂಬಕ್ಕೆ ಕಟ್ಟಿ, ನಾಲ್ಕೂ ಕಡೆ ತಳದವರೆಗೆ ಬಿಟ್ಟೆ. ತಳ ಮುಟ್ಟಲೇಬೇಕು. ಬೇಸಿಗೆಯಲ್ಲಿ ನೀರು ಇಳಿದಷ್ಟೂ ಹತ್ತಬೇಕಾದ ಜಾರು ಜಾಸ್ತಿ ಅಲ್ವಾ? ತಂತಿ ಹೊರಬಂದ ಟೈರ್ ಬೇಡ, ಶೀಟ್ ಹರಿಯುತ್ತದೆ. ಟೈರ್ ಸರಿಯದಂತೆ ಹಾಕುವ ಗಂಟನ್ನು ಮಾತ್ರ ಬರೆಯಲ್ಲ, ಹೊಲಕ್ಕೆ ಬನ್ನಿ, ಕೈ ಹಿಡಿದು ಕಲಿಸುತ್ತೇನೆ. ಎಲ್ಲಾ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ನಮ್ಮ ತಾಲೂಕಿನಲ್ಲಿ ಇದನ್ನು ಮೊದಲು ಮಾಡಿದವನು ನಾನೇ.

ಏಣಿ ಕೈಗೆ ಬಲ ಬಂದ ಮಕ್ಕಳಿಗೆ. ಕೂಸುಗಳಿಗೆ ಬೇಲಿಯೇ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತರು, ಅದರಲ್ಲಿ ಹೆಚ್ಚುಕಡಿಮೆ ಕಾಲು ಭಾಗ 5 ವರ್ಷದೊಳಗಿನವರು. ಅದಕ್ಕೇ ಚೈನ್‌ಲಿಂಕ್ ತಂತಿ ಬೇಲಿ ಹಾಕಿಸಿದೆ. ಬುಡವನ್ನು ಮಣ್ಣಲ್ಲಿ ಹೂತು, ಗೇಟಿನ ಚಿಲಕ ಮಕ್ಕಳ ಕೈಗೆ ಎಟುಕದಂತೆ ಇಡಿಸಿದೆ. ಖರ್ಚು ಮೂವತ್ತು ಸಾವಿರ ದಾಟಿತು, ಆ ದುಡ್ಡಿನ ಬಗ್ಗೆ ಬೇಜಾರಿಲ್ಲ.

ಬಾಂಗ್ಲಾದೇಶದ ಹಳ್ಳಿಗಳಲ್ಲಿ ತಾಯಂದಿರು ಕೆಲಸದಲ್ಲಿರುವ ಬೆಳಗಿನ ಹೊತ್ತು ಕೂಸುಗಳನ್ನು ಒಂದೇ ಕಡೆ ನೋಡಿಕೊಳ್ಳುವ ‘ಆಂಚಲ್’ ಕೇಂದ್ರಗಳಿವೆ. ಈ ಬಿತ್ತನೆಗೆ ನಮ್ಮ ಕೇರಿಯಲ್ಲೂ ಅದೇ ಏರ್ಪಾಡು. ಕೂಸು ನೋಡುವ ಅಜ್ಜಿಗೆ ಕೂಲಿಯ ಲೆಕ್ಕದಲ್ಲೇ ದುಡ್ಡು ಕೊಡುತ್ತೇವೆ.